ಉಂಗುರ ಉಸಿರು ಬಿಡುವವರೆಗೆ

ಮೂವತ್ತು ವರ್ಷ ಲೋಹ ಪರೀಕ್ಷೆ ಮಾಡಿದ ಕೈ. ಆ ಕೈಯೇ ಇಂಥ ಎಡವಟ್ಟು ಮಾಡಬೇಕೇ! ಮಧ್ಯಾಹ್ನ ಪ್ರಯೋಗಾಲಯದಲ್ಲಿ ಬಿಡುವಿತ್ತು. ಪರೀಕ್ಷಕಿ ತನ್ನ ಉಂಗುರ ಬಿಚ್ಚಿ, ಲೋಹದ ಪಟ್ಟಿಗಳನ್ನು ತೊಳೆಯುವ ಆಮ್ಲದ ಬಟ್ಟಲಿಗೆ ಇಳಿಬಿಟ್ಟು ಕರೆಂಟು ಹರಿಸಿದಳು. ನಾಳೆ ತಮ್ಮ ಮದುವೆಯಾದ ದಿನ, ಒಂದಿಷ್ಟು ಹೊಳೆಯಲಿ ಎಂದು. ಉಂಗುರದ ಮೈತುಂಬ ಸಣ್ಣ ಗುಳ್ಳೆಗಳೆದ್ದವು. ಅವನ್ನೇ ನೋಡುತ್ತ ಕೂತವಳಿಗೆ ಕಣ್ಣು ಎಳೆದುಕೊಂಡು ಹೋಯಿತು.

ಎಚ್ಚರವಾದಾಗ ಉಂಗುರ ಫಳಫಳ. ತಟ್ಟನೆ ಕರೆಂಟು ಆರಿಸಿದಳು. ಗುಳ್ಳೆಯಾಗಿ ಹೋದ ಹೈಡ್ರೋಜನ್ ಹೋಯಿತು, ಉಳಿದದ್ದು ಲೋಹದೊಳಕ್ಕೆ ಸೇರಿತ್ತು.

ಅದು ಚಿನ್ನದ್ದಲ್ಲ. ಆಗ ಕುಲುಮೆಯಲ್ಲಿ ಕೆಲಸಕ್ಕಿದ್ದ ಗಂಡ, ಕರಗಿದ ಮಿಶ್ರಲೋಹವನ್ನು ಗರಗರ ತಿರುಗುವ ತಾಮ್ರದ ಚಕ್ರಕ್ಕೆ ಚಿಮ್ಮಿಸಿ, ಅದರ ಪರಮಾಣುಗಳು ಸಾಲಾಗಿ ನಿಲ್ಲಲೂ ಪುರಸೊತ್ತು ಕೊಡದೆ ತಣಿಸಿ ಎಳೆದ ರಿಬ್ಬನ್ ಅದು; ಬೆರಳಿಗೆ ಸುತ್ತಿದರೆ ಉಂಗುರ. ಒಳಗೆಲ್ಲ ಗಾಜಿನ ಹಾಗೆ ಕ್ರಮವಿಲ್ಲ, ಆದರೂ ಮಡಚಿದರೆ ಮುರಿಯದು. ಹೈಡ್ರೋಜನ್ ಹೊಕ್ಕರೆ ಮಾತ್ರ ಒಣಗಿದ ಎಲೆಯ ಹಾಗೆ ಪುಡಿ. ಆ ಕುಲುಮೆ ಎಂದೋ ಗುಜರಿಗೆ ಹೋಗಿತ್ತು. ಗಂಡನಿಗೆ ಈಗ ಕಣ್ಣೂ ಕಾಣದು. ಇದು ಹೋದರೆ ಇನ್ನೊಂದಿಲ್ಲ. ದಿನಾ ಸಂಜೆ ಅವಳು ಮನೆಗೆ ಬಂದೊಡನೆ ಕೈಹಿಡಿದು ಉಂಗುರ ತಡವಿದ ಮೇಲೇ ಅವನಿಗೆ ಸಮಾಧಾನ.

ಬಿಸಿ ಮಾಡಿ ಹೊರಗಟ್ಟಲೇ? ಕಾವು ತುಸು ಹೆಚ್ಚಾದರೂ ಲೋಹ ಹರಳುಗಟ್ಟಿಬಿಡುವುದು, ಆಮೇಲೆ ದೇವರೇ ಬಂದರೂ ಬಗ್ಗದು. ಉಂಗುರವನ್ನು ಡಬ್ಬಿಯೊಂದರ ಹತ್ತಿಯಲ್ಲಿಟ್ಟು, ಡಬ್ಬಿಯನ್ನು ಹಸುಗೂಸಿನಂತೆ ಎತ್ತಿಕೊಂಡು ನಡೆದಳು. ಬೀದಿಯೆಲ್ಲ ಮಬ್ಬು ಮಬ್ಬು. ಹೈಡ್ರೋಜನ್ನಿನ ಪುಟಾಣಿ ಕಣಗಳು ಡಬ್ಬಿಯಿಂದ ಒಂದೊಂದೇ ಎದ್ದು ಸಂಜೆಯ ಬೆಳಕಿಗೆ ಸೇರಿಕೊಳ್ಳುತ್ತಿವೆ ಅನ್ನಿಸಿತು. ಬೇಗ ಹೋಗ್ರಪ್ಪಾ ಎಂದು ಬೇಡಿಕೊಂಡಳು.

ಮನೆಯಲ್ಲಿ ಗಂಡ ಅವಳ ಬೆರಳು ತಡವಿದ. ಬರಿದು.

"ಎಲ್ಲಿ?"

"ತೊಳೆದ್ಬಿಟ್ಟೆ. ಕರೆಂಟ್ ಹಾಕಿ." ಅವಳಿಗೆ ಅಳು ಒತ್ತರಿಸಿ ಬಂತು.

ಅವನು ನಗತೊಡಗಿದ. "ಅಳ್ಬೇಡ್ವೇ. ನಾನೂ ಅದೇ ಘನಂದಾರಿ ಕೆಲಸ ಮಾಡಿದ್ದೆ. ಮದುವೆಗೆ ಮುಂಚೆ, ಹೊಳೀಲಿ ಅಂತ. ತೊಳೆದ ತಕ್ಷಣ ಸುತ್ತೋಕೆ ಹೋದೆ, ಚಟ್ ಅಂತು. ನಿನ್ನ ಬೆರಳಲ್ಲಿದ್ದಿದ್ದು ಎರಡನೇದು."

"ಮೂವತ್ತು ವರ್ಷ ಬಾಯೇ ಬಿಡ್ಲಿಲ್ವಲ್ರೀ! ಎಂಥ ಕಳ್ಳರು ನೀವು!"

"ಮರ್ಯಾದೆ ಪ್ರಶ್ನೆ ಕಣೇ. ಆಗ ಕಾಯೋ ಬುದ್ಧಿ ಇರ್ಲಿಲ್ಲ. ಈಗ ಕಾಯೋಣ, ಒಳಗಿನ ಹೈಡ್ರೋಜನ್ ತಾನಾಗೇ ಹೋಗುತ್ತೆ."

ಡಬ್ಬಿ ಕಿಟಕಿಯಲ್ಲಿ ಕೂತಿತು. ದಿನಾ ಸಂಜೆ ಅವನು ಬರೀ ಬೆರಳನ್ನೇ ತಡವಿದ. ತಿಂಗಳು ಕಳೆದ ಮೇಲೆ ಉಂಗುರವನ್ನು ಅವನ ಕೈಗಿಟ್ಟಳು. ಅವನು ಅದನ್ನು ಮೆಲ್ಲಗೆ ಬಿಡಿಸಿ, ಅವಳ ಬೆರಳಿಗೆ ಸುತ್ತಿದ. ಚಟ್ ಎನ್ನಲಿಲ್ಲ. ಆದರೂ ತಿಂಗಳಿಂದ ರೂಢಿಯಾಗಿ ಅವನು ಪಕ್ಕದ ಬರೀ ಬೆರಳನ್ನೇ ತಡವುತ್ತ ಕೂತ.