ಮಾರ್ಕೆತ್ತಾ ಒತ್ತಿದ 'ಬೇಡ'

ಬಸ್ ಓಡಿಸಿ ನಿವೃತ್ತಳಾದ ಮಾರ್ಕೆತ್ತಾ ಊರಿನ ಪುರಸಭೆಯಲ್ಲಿ ಒಂದು ಪುಟ್ಟ ಪಕ್ಷದ ಏಕೈಕ ಸದಸ್ಯೆ. ಎಲ್ಲವನ್ನೂ ಜನರೇ ನೇರವಾಗಿ ತೀರ್ಮಾನಿಸಬೇಕು ಎನ್ನುವ ಪಕ್ಷ ಅದು. "ನನ್ನ ಅಭಿಪ್ರಾಯ ಕಟ್ಕೊಂಡು ಏನಾಗ್ಬೇಕು? ಫೋನಲ್ಲಿ ನೀವೇನು ಹೇಳ್ತೀರೋ ಸಭೇಲಿ ಅದೇ ಗುಂಡಿ ಒತ್ತೋದು," ಎಂದು ಮಾತು ಕೊಟ್ಟು ಗೆದ್ದಿದ್ದಳು.

ಆ ಚಳಿಗಾಲ, ಮುಚ್ಚಿಹೋಗಿದ್ದ ಶಾಲೆಯನ್ನು ಕುಡಿತ ಬಿಟ್ಟವರ ವಸತಿ ಮಾಡುವ ಪ್ರಸ್ತಾಪ ಬಂತು. ಅವಳ ತಮ್ಮ ಓಯ್ವಾ ಕುಡಿತ ಬಿಟ್ಟು ವರ್ಷವಾಗಿತ್ತು. ಹಳೇ ಗೆಳೆಯರು ಬಂದು ಬಾಗಿಲು ಬಡಿಯದಂಥ ಒಂದು ಕೋಣೆಗಾಗಿ ಕಾಯುತ್ತಿದ್ದ. ಪಕ್ಷ ಊರವರನ್ನು ಫೋನಿನಲ್ಲಿ ಕೇಳಿತು. ಬೇಡ ಎಂದವರೇ ಹೆಚ್ಚು. ಸಭೆಯಲ್ಲಿ ಮಾರ್ಕೆತ್ತಾ 'ಬೇಡ' ಒತ್ತಿದಳು. ಒಂದೇ ಮತದಿಂದ ಪ್ರಸ್ತಾಪ ಬಿದ್ದುಹೋಯಿತು.

ಮರುದಿನ ಓಯ್ವಾ ಬಂದ. ಬೂಟು ಕಳಚಿಟ್ಟು ಅಡುಗೆಮನೆಯಲ್ಲಿ ಕೂತ. ಅವಳು ಮೀನಿನ ಸಾರು ಬಡಿಸಿದಳು.

"ಬೇಜಾರಿಲ್ಲಕ್ಕ. ನೀನು ಕೊಟ್ಟ ಮಾತು ಉಳಿಸ್ಕೊಂಡೆ," ಎಂದ. ಎರಡು ಚಮಚ ಸಾರು ಕುಡಿದು, "ಫೋನಲ್ಲಿ ನಿನ್ನ ಓಟು ಯಾವ ಕಡೆ ಹಾಕ್ದೆ?"

"ಬೇಕು ಅಂತಾನೇ ಕಣೋ."

ಸುಳ್ಳು. ಶಾಲೆ ಅವಳ ಬೀದಿಯ ತುದಿಯಲ್ಲೇ ಇತ್ತು. ಅದರ ಮೆಟ್ಟಿಲ ಮೇಲೆ ತಮ್ಮ ಸಿಗರೇಟು ಸೇದುತ್ತ ಕೂತರೆ ನೆರೆಹೊರೆಯವರಿಗೆ ಹೇಗೆ ಮುಖ ತೋರಿಸುವುದೆಂದು ಫೋನಿನಲ್ಲಿ ಅವಳೂ 'ಬೇಡ' ಎಂದೇ ಒತ್ತಿದ್ದಳು, ಬೇರೆಯವರು ಏನನ್ನುತ್ತಾರೆಂದು ಗೊತ್ತಾಗುವ ಮೊದಲೇ.

"ಅಷ್ಟು ಸಾಕು ಬಿಡು," ಎಂದು ಓಯ್ವಾ ಮತ್ತೆ ಸಾರು ಹಾಕಿಸಿಕೊಂಡ.

ನಾಲ್ಕು ಜನರೆದುರು ಬಾಯಿ ಬಿಡುವವನಲ್ಲ ಅವನು. ಆದರೂ ಪಕ್ಷದ ಮುಂದಿನ ಕೂಟಕ್ಕೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಎದ್ದು ನಿಂತ. "ನಮ್ಮಕ್ಕಂಗೆ ನಾನು ಅಲ್ಲಿರ್ಬೇಕು ಅಂತ ಆಸೆಯಿತ್ತು. ಆದ್ರೂ ನಿಮ್ಮ ಮಾತೇ ನಡೆಸಿದ್ಲು. ಇನ್ನೇನು ಹೇಳ್ಲಿ?"

ಎಲ್ಲರೂ ಚಪ್ಪಾಳೆ ತಟ್ಟಿದರು. "ಕರಪತ್ರದಲ್ಲಿ ಇದನ್ನೇ ಹಾಕ್ಸೋಣ," ಎಂದ ಅಧ್ಯಕ್ಷ. ಮಾರ್ಕೆತ್ತಾ ತಲೆ ಎತ್ತಲಿಲ್ಲ. ಜನ ಅದನ್ನು ವಿನಯವೆಂದುಕೊಂಡರು.

ಏಪ್ರಿಲ್‌ನಲ್ಲಿ ಚುನಾವಣೆ. ನಿಲ್ಲುವುದಿಲ್ಲ ಎನ್ನಬೇಕೆಂದು ಅವಳು ಎಷ್ಟೋ ಸಲ ಅಂದುಕೊಂಡಳು. ಆದರೆ ಓಯ್ವಾ ದಿನಾ ಗ್ರಂಥಾಲಯದ ಮುಂದೆ ನಿಂತು ಅವಳ ಕರಪತ್ರ ಹಂಚುತ್ತಿದ್ದ. ಅವನನ್ನು ಕಂಡರೆ ದಾರಿ ಬದಲಿಸುತ್ತಿದ್ದವರು ಈಗ ಕೈ ಕುಲುಕಿ ಮಾತಾಡಿಸುತ್ತಿದ್ದರು. ಅದನ್ನು ಅವನಿಂದ ಕಿತ್ತುಕೊಳ್ಳುವುದು ಹೇಗೆ?

ಹಿಮ ಇನ್ನೂ ಕರಗಿರದ ಒಂದು ಬೆಳಿಗ್ಗೆ ಅವಳೂ ಜೊತೆಗೆ ನಿಂತಿದ್ದಳು. ಮುದುಕನೊಬ್ಬ ಕರಪತ್ರ ಓದಿ, "ಪುಣ್ಯವಂತ ಕಣಯ್ಯ ನೀನು. ಇಂಥ ಅಕ್ಕ ಎಷ್ಟು ಜನಕ್ಕಿರ್ತಾರೆ," ಎಂದ. ಓಯ್ವಾ ನಾಚಿಕೊಂಡು ನಕ್ಕ.

ಆ ಥಂಡಿಯಲ್ಲೂ ಮಾರ್ಕೆತ್ತಾಳ ಮುಖ ಉರಿಯಿತು. "ಕಾಲು ನೋಯ್ತಿದೆ, ಮನೆಗೆ ಹೋಗ್ತೀನಿ," ಎಂದಳು.

"ಹೋಗಕ್ಕ, ನಾನಿದ್ದೀನಲ್ಲ," ಎಂದ ತಮ್ಮ. ಅವನ ಕೈಯಲ್ಲಿದ್ದ ಕರಪತ್ರದ ಮೇಲಿನ ತನ್ನ ಚಿತ್ರವನ್ನು ನೋಡದೆ ಅವಳು ಬಿರಬಿರನೆ ನಡೆದಳು.