ಸುಣ್ಣದ ಗೆರೆ

ಊರಿನ ಫುಟ್‌ಬಾಲ್ ಕ್ಲಬ್ಬಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಹನ್ನೊಂದು ಜನ ಸೇರುವುದೇ ಕಷ್ಟ; ಒಬ್ಬನಿಗೆ ಕಾಲು ಉಳುಕಿದರೆ ಅವನ ಅಪ್ಪನೇ ಅಂಗಳಕ್ಕೆ ಇಳಿಯಬೇಕು. ಗೋಲಿನ ಕಂಬಗಳನ್ನು ಬಡಗಿ ಮಾಡಿಕೊಟ್ಟಿದ್ದ. ಅಂಗಿಗಳನ್ನು ದರ್ಜಿಯ ಹೆಂಡತಿ ಎಲ್ಲರಿಗೂ ಒಂದೇ ಅಳತೆಗೆ ಹೊಲಿದಿದ್ದಳು. ಸಣಕಲು ಗೋಲ್‌ಕೀಪರ್ ಅದನ್ನು ಚಡ್ಡಿಯೊಳಗೆ ತುರುಕಿಕೊಳ್ಳುವುದರಲ್ಲೇ ಸುಸ್ತಾಗುತ್ತಿದ್ದ. ಬಯಲು ಹಾಲಿನಕ್ಕನದು. ಬೆಳಿಗ್ಗೆ ಅವಳ ಹಸುಗಳು ಮೇಯುತ್ತಿದ್ದವು, ಸಂಜೆ ಇವರು ಓಡುತ್ತಿದ್ದರು. ಸುತ್ತಮುತ್ತ ಸಮತಟ್ಟಾದ ನೆಲವೆಂದು ಇದ್ದದ್ದು ಅದೊಂದೇ. ಉಳಿದದ್ದೆಲ್ಲ ಇಳಿಜಾರು, ಇಲ್ಲವೇ ಉತ್ತ ಹೊಲ.

ಕ್ಲಬ್ಬು ಕಟ್ಟಿದವನು ಗಾರೆ ಮೇಸ್ತ್ರಿ. ಹೊಳೆಯಾಚೆಯ ಊರಿನವರು ಭಾನುವಾರ ಆಡಲು ಬರುತ್ತೇವೆಂದು ಹೇಳಿ ಕಳಿಸಿದ್ದೇ ಈ ಕ್ಲಬ್ಬಿನ ಮೊದಲ ಪಂದ್ಯ. ಹಿಂದಿನ ಸಂಜೆ ಮೇಸ್ತ್ರಿ ಹಗ್ಗ ಬಿಗಿದು, ಮನೆಯ ಪಾಯಕ್ಕೆ ಗುರುತು ಹಾಕುವ ಹಾಗೆಯೇ, ಸುಣ್ಣದ ಪುಡಿಯಲ್ಲಿ ಗೆರೆ ಎಳೆದ. ನೀರು ಹಾಕಿ ಅರಳಿಸದ, ಒದ್ದೆ ತಾಗಿದರೆ ಸುಡುವ ಸುಣ್ಣ. ಕೆಲಸದ ಜಾಗದಲ್ಲಿ ಉಳಿದದ್ದು, ಒಂದು ಮೂಟೆ.

"ಅಂಗೈ ಅಗಲ ಎಳೀತಾ ಇದ್ದೀಯಲ್ಲೋ, ಗೋಡೆ ಎಬ್ಬಿಸ್ತೀಯಾ?" ಅಂದ ಬಡಗಿ. ಅವನು ಮೇಸ್ತ್ರಿಯ ಅಕ್ಕನ ಗಂಡ.

"ಆಚೆ ಊರಿನವರಿಗೆ ಕಣ್ಣು ಕಾಣಲಿ ಅಂತ, ಭಾವ."

ಇಬ್ಬರೂ ಕಟ್ಟಡದ ಕೆಲಸದವರು. ಪಾಯದ ಗೆರೆಯ ಹತ್ತಿರ ಹಸು ಬರುವುದನ್ನು ಅವರು ಕಂಡವರಲ್ಲ.

ಭಾನುವಾರ ಬೆಳಿಗ್ಗೆ ಕೆಂದ ಹಸು ಇಬ್ಬನಿಯಲ್ಲಿ ನೆಂದ ಗೆರೆಯನ್ನು ಉಪ್ಪೆಂದುಕೊಂಡು ನೆಕ್ಕಿತು. ಮೇಸ್ತ್ರಿ ಸುದ್ದಿ ಕೇಳಿ ಓಡಿ ಬರುವ ಹೊತ್ತಿಗೆ ಹಾಲಿನಕ್ಕ ಕೊಟ್ಟಿಗೆಯಲ್ಲಿ ಅದರ ಬಾಯಿಗೆ ಚೊಂಬು ಚೊಂಬು ನೀರು ಹೊಯ್ಯುತ್ತಿದ್ದಳು. ನಾಲಿಗೆಯ ತುದಿ ಸುಲಿದು ಕೆಂಪಾಗಿತ್ತು. ಜೊಲ್ಲು ಎಳೆ ಎಳೆಯಾಗಿ ಇಳಿಯುತ್ತಿತ್ತು.

"ಅಕ್ಕಾ..."

"ಅಕ್ಕ ಅನ್ನಬೇಡ. ಬೇಲಿಬಾಗಿಲು ಹಾಕಿದೀನಿ. ಇನ್ನು ನಿಮ್ಮ ಆಟ ನಿಮ್ಮ ಮನೆ ಜಗಲಿ ಮೇಲೆ ಆಡ್ಕೊಳ್ಳಿ."

ಅವಳ ದನಿ ಏರಲಿಲ್ಲ. ಅದೇ ಮೇಸ್ತ್ರಿಯನ್ನು ಹೆದರಿಸಿತು. ಈ ಬಯಲು ಹೋದರೆ ಕ್ಲಬ್ಬೂ ಹೋದ ಹಾಗೆ. ಉಳಿದ ಹಸುಗಳು ಗೂಟದಲ್ಲೇ ನಿಂತು ಹುಲ್ಲಿಗಾಗಿ ಕೂಗುತ್ತಿದ್ದವು. ಅವನು ಮನೆಗೆ ಹೋಗಿ ಸಲಿಕೆ, ಬುಟ್ಟಿ ತಂದ. ಬೇಲಿ ದಾಟಿ ಗೋಲಿನ ಮೂಲೆಯಿಂದ ಸುಣ್ಣವನ್ನು ಮಣ್ಣು ಸಮೇತ ಕೆರೆಯತೊಡಗಿದ. ಬಡಗಿ ಬಂದ. ಗೋಲ್‌ಕೀಪರ್ ಬಂದ. ಆಮೇಲೆ ಒಬ್ಬೊಬ್ಬರೇ ಎಲ್ಲರೂ.

ಅಷ್ಟರಲ್ಲಿ ಆಚೆ ಊರಿನವರ ಲಾರಿ ಬಂದು ನಿಂತಿತು. ಅದನ್ನು ಓಡಿಸಿಕೊಂಡು ಬಂದವನೇ ಅವರ ನಾಯಕ.

"ಇವತ್ತು ಆಟ ಇಲ್ಲಪ್ಪ," ಅಂದ ಮೇಸ್ತ್ರಿ, ನಡೆದದ್ದನ್ನೆಲ್ಲ ಹೇಳಿ. "ನಿಮ್ಮನ್ನ ಸುಮ್ಮನೆ ಓಡಾಡಿಸಿದ ಹಾಗಾಯ್ತು."

ಡ್ರೈವರ್ ಬಯಲನ್ನೊಮ್ಮೆ, ಕೊಟ್ಟಿಗೆಯನ್ನೊಮ್ಮೆ ನೋಡಿದ. "ನಮ್ಮನೇಲೂ ಎರಡು ಎಮ್ಮೆ ಇದೆ. ಇನ್ನೊಂದು ಸಲಿಕೆ ಇದ್ರೆ ಕೊಡಿ."

"ಸೋಲೋದು ತಪ್ಪಿತು ಅಂತ ಖುಷಿಯಲ್ಲಿ ಅಗೀತಾನೆ," ಅಂದ ಬಡಗಿ.

"ನಿಮ್ಮ ಗೋಲ್‌ಕೀಪರ್ ಅಂಗಿಯೊಳಗೆ ಇದ್ದಾನಾ ಇಲ್ವಾ ಅಂತ ಮೊದಲು ನೋಡ್ಕೊಳ್ಳಿ."

ಎರಡೂ ಕಡೆಯವರು ಬುಟ್ಟಿ ದಾಟಿಸುತ್ತ ಬಿಸಿಲೇರುವವರೆಗೆ ಕೆರೆದರು. ಸುಣ್ಣದ ಮಣ್ಣೆಲ್ಲ ಲಾರಿ ಹತ್ತಿತು. ಹಾಲಿನಕ್ಕ ಬಯಲಿಗೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸುತ್ತಲೂ ನಡೆದು ನೋಡಿದಳು. ಅಲ್ಲಲ್ಲಿ ಬಗ್ಗಿ ಮಣ್ಣನ್ನು ಬೆರಳಲ್ಲಿ ಉಜ್ಜಿದಳು. ಒಂದು ಮೂಲೆಯಲ್ಲಿ ಬಿಳಿಪು ಉಳಿದಿತ್ತು, ತೋರಿಸಿದಳು, ಕೆರೆದರು. ಹಸಿರಿನ ನಡುವೆ ಸುಣ್ಣವಿದ್ದಲ್ಲೆಲ್ಲ ಈಗ ಕಂದು ಮಣ್ಣು, ಅಂಗೈ ಅಗಲ, ಹಗ್ಗ ಹಿಡಿದಷ್ಟು ನೇರ.

"ಇದಕ್ಕಿಂತ ಒಳ್ಳೆ ಗೆರೆ ಬೇಕೇನ್ರೋ ನಿಮಗೆ?" ಅಂದಳು. "ಆಡಿ. ಲಾರಿ ಹತ್ತಿ ಬಂದವರನ್ನ ಬರಿಗೈಲಿ ಕಳಿಸೋಕಾಗುತ್ತಾ? ಹಸು ನಾಳೆ ಬಿಟ್ಕೋತೀನಿ."

ಯಾರೋ ಸಿಳ್ಳೆ ಹಾಕಿದರು. ಮೇಸ್ತ್ರಿ ತನ್ನ ಆಟದ ಅಂಗಿ ಕಳಚಿ, ನೋಡಲು ಬಂದಿದ್ದ ದರ್ಜಿಯ ಮಾವನಿಗೆ ಕೊಟ್ಟ. "ನನ್ನ ಜಾಗದಲ್ಲಿ ನೀವು ನಿಲ್ಲಿ."

"ನಿನಗೇನು ಬಂತೋ?"

"ಕೊಟ್ಟಿಗೇಲಿ ಕೆಲಸ ಇದೆ."

ಕೆಂದ ಹಸು ಮಲಗಿತ್ತು. ಅವನು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ನೀರಲ್ಲಿ ನೆನೆಸಿದ ಬೂಸಾವನ್ನು ಅಂಗೈಯಲ್ಲಿ ಹಿಡಿದ. ಅದು ಮೂಸಿ ಮುಖ ತಿರುಗಿಸಿತು. ಹೊರಗೆ ದೊಡ್ಡ ಕೂಗೆದ್ದಿತು.

"ಯಾರದು ಗೋಲು?" ಹಾಲಿನಕ್ಕ ಬಾಗಿಲಲ್ಲಿ ನಿಂತು ಕೇಳಿದಳು.

"ಗೊತ್ತಿಲ್ಲ. ಭಾವ ಕೂಗಿದ ಹಾಗಿತ್ತು."

"ಅವನು ಹೊಡೆದರೂ ಕೂಗ್ತಾನೆ, ಹೊಡೆಸ್ಕೊಂಡರೂ ಕೂಗ್ತಾನೆ. ಹೋಗಿ ನೋಡು ಹೋಗು. ಇದನ್ನ ನಾನು ತಿನ್ನಿಸ್ತೀನಿ."

"ಒಂದು ತುತ್ತು ತಿನ್ನಲಿ, ಅಕ್ಕ."

ಈ ಸಲ ಅವಳು ಅಕ್ಕ ಅನ್ನಬೇಡ ಎನ್ನಲಿಲ್ಲ. ಬಕೆಟ್ಟಿನ ನೀರು ಬದಲಿಸಿ ತಂದು ಅವನ ಪಕ್ಕ ಇಟ್ಟು, ಆಟ ನೋಡಲು ಹೊರಗೆ ಹೋದಳು. ಅವನು ಅಂಗೈಯನ್ನು ಮತ್ತೆ ಹಸುವಿನ ಮೂತಿಯ ಹತ್ತಿರ ತಂದು, ಅಲ್ಲಾಡಿಸದೆ ಹಿಡಿದು ಕೂತ.