ಕುಸುಬೆ ಹೂವಿನ ತಂಬಿಗೆ

ಯಲಬುರ್ಗಾದ ಹೇಮಪ್ಪನ ಮನೆಗೆ ಅಂದು ಕನ್ಯೆ ನೋಡಲು ತಾವರಗೇರಾದವರು ಬರುವವರಿದ್ದರು. ಪಡಸಾಲೆಯಲ್ಲಿ ಜಮಖಾನ ಹಾಸಿಯಾಗಿತ್ತು. ಒಳಗೆ ಮಗಳು ಸಹನಾ ಸೀರೆ ಉಡುತ್ತಿದ್ದರೆ, ಹೊರಗೆ ಮಗ ಪಂಪಾಪತಿ ಹೊಲದಿಂದ ಕೊಯ್ದು ತಂದ ಹೂಗಳನ್ನು ಹರವಿಕೊಂಡು ಕೂತಿದ್ದ.

ಭಾಗ್ಯನಗರದಲ್ಲಿ ಗೇಟು ವೆಲ್ಡಿಂಗ್ ಮಾಡುವ ಆಳು ಅವನು. ದಿನವಿಡೀ ಕಿಡಿ ಹಾರಿಸುವ ಆ ಕೈಗೆ ಈ ಹುಚ್ಚು ಎಲ್ಲಿಂದ ಹತ್ತಿತೋ! ಊರಲ್ಲಿ ಹೂವೆಂದರೆ ದೇವರಿಗೆ, ಇಲ್ಲವೇ ತುರುಬಿಗೆ. ಅದನ್ನು ನೀರಲ್ಲಿಟ್ಟು ನೋಡುತ್ತ ಕೂರುವವನು ಇವನೊಬ್ಬನೇ. ಹಿಂಗಾರಿ ಜೋಳದ ನಡುನಡುವೆ ಅಕ್ಕಡಿ ಸಾಲಿನಲ್ಲಿ ಬೆಳೆಯುವ ಕುಸುಬೆಯನ್ನಂತೂ, ಮುಳ್ಳಿಗೆ ಅಂಜಿ, ಯಾರೂ ಹೂವೆಂದೇ ಲೆಕ್ಕಕ್ಕಿಟ್ಟಿರಲಿಲ್ಲ. ಪಂಪಾಪತಿ ಅದರ ದಂಟುಗಳನ್ನು ಓರೆಯಾಗಿ ಕತ್ತರಿಸಿ, ನೀರಿಗೆ ತಾಗುವ ಎಲೆ ಕಿತ್ತು, ತಾಮ್ರದ ತಂಬಿಗೆಯಲ್ಲಿ ನಿಲ್ಲಿಸಿದ. ನಡುವೆ ಎರಡು ಜೋಳದ ತೆನೆ. ಒಂದು ನೆಟ್ಟಗೆ, ಒಂದು ತುಸು ಬಾಗಿದ್ದು. ಹೊಲವೇ ಮನೆಯೊಳಗೆ ಬಂದು ಕೂತಂತಿತ್ತು. ಎಷ್ಟು ಚೆಂದ!

ಹೇಮಪ್ಪನಿಗೂ ಹಾಗೇ ಅನ್ನಿಸಿತು. ಆದರೆ ಅವನಿಗೆ ಬೇರೆ ಚಿಂತೆ.

“ಭಾಳ ಛಲೋ ಐತಿ. ಆದ್ರ ಬಂದವ್ರ ಮುಂದ ಇದು ಸಹನಾನ ಕೈಕೆಲಸ ಅಂತ ಹೇಳೂಣು. ಗಂಡಸು ಹೂ ಜೋಡಿಸ್ತಾನ ಅಂದ್ರ ನಗ್ತಾರ.”

“ನಗ್ಲಿ ಬಿಡು, ಯಪ್ಪಾ.”

“ಹೋದ ಸಲ ಬಂದವ್ರು ಒಲ್ಲೆ ಅಂದ್ರು. ಈ ಸಂಬಂಧಾರ ಕೂಡ್ಲಿ. ತಂಗಿ ಸಲುವಾಗಿ ಸುಮ್ನಿರು.”

ತಂಗಿಯ ಮಾತು ಬಂದದ್ದೇ ಪಂಪಾಪತಿ ತಲೆಯಾಡಿಸಿ, ತಂಬಿಗೆಯನ್ನು ಒಯ್ದು ಪಡಸಾಲೆಯಲ್ಲಿಟ್ಟ.

ತಾವರಗೇರಾದವರು ಬಂದರು. ವರ ಪ್ರವೀಣಕುಮಾರ ತಲೆ ತಗ್ಗಿಸಿ ಕೂತ. ಅವನ ತಾಯಿ ಫಕೀರಮ್ಮನ ಕಣ್ಣು ಮಾತ್ರ ತಂಬಿಗೆಯ ಮೇಲೆಯೇ ನೆಟ್ಟಿತು.

“ಅಯ್ಯ, ಕುಸುಬಿ ಹೂವಾ ಇವು! ನಮ್ಮ ಹೊಲದಾಗೂ ಅದಾವು, ಇಷ್ಟು ಚೆಂದ ಕಾಣ್ತಾವಂತ ಗೊತ್ತಿರ್ಲಿಲ್ಲ ನೋಡ್ರಿ. ಯಾರು ಮಾಡ್ಯಾರ?”

“ನಮ್ಮ ಹುಡುಗೀರಿ,” ಎಂದ ಹೇಮಪ್ಪ.

ಚಹಾ ತಂದ ಸಹನಾಳತ್ತ ಫಕೀರಮ್ಮ ತಿರುಗಿದಳು. “ಹೆಂಗ ಮಾಡಿದಿ ತಂಗಿ? ನಂಗೂ ಹೇಳಿಕೊಡು.”

ಸಹನಾ ತಟ್ಟೆ ಕೆಳಗಿಟ್ಟಳು. “ನಾ ಮಾಡಿಲ್ರಿ. ನಮ್ಮಣ್ಣ ಮಾಡ್ಯಾನ. ನಂಗ ಒಂದು ಹೂವು ನೆಟ್ಟಗ ನಿಲ್ಸಾಕ ಬರಂಗಿಲ್ಲ.”

ಎಲ್ಲರೂ ಬಾಗಿಲ ಬಳಿ ನಿಂತಿದ್ದ ಪಂಪಾಪತಿಯನ್ನು ನೋಡಿದರು. ಅವನು ಮುಳ್ಳು ಗೀರಿದ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಹುಡುಗಿ ಚೇಷ್ಟೆ ಮಾಡುತ್ತಿದ್ದಾಳೆಂದು ನಕ್ಕು ತೇಲಿಸಿಬಿಡಲು ಹೊರಟಿದ್ದ ಹೇಮಪ್ಪ, ಕಳ್ಳನಂತೆ ನಿಂತ ಮಗನನ್ನು ಕಂಡು ಮಾತು ನುಂಗಿದ.

“ಹೌದ್ರಿ,” ಎಂದ ಗಟ್ಟಿಯಾಗಿ. “ನನ್ನ ಮಗನ ಕೈಕೆಲಸ. ನಾನ ಸುಳ್ಳು ಹೇಳಿದೆ. ಪಂಪಾಪತಿ, ಬಾ ಇಲ್ಲಿ, ಹೆಂಗ ಮಾಡೂದಂತ ಇವ್ರಿಗೆ ನೀನ ತೋರ್ಸು.”

ಫಕೀರಮ್ಮ ಒಂದು ಗಳಿಗೆ ತನ್ನ ಮಗನ ಮುಖ ನೋಡಿದಳು. ಆಮೇಲೆ ಸೆರಗು ಬಾಯಿಗಿಟ್ಟು ನಗತೊಡಗಿದಳು.

“ನಾವೂ ಒಂದು ಮುಚ್ಚಿಟ್ಟೇವ್ರಿ. ನಮ್ಮ ಪ್ರವೀಣ ದಿನಾ ಮನ್ಯಾಗ ರೊಟ್ಟಿ ಬಡೀತಾನ. ನನಗಿಂತ ತೆಳ್ಳಗ! ಹೇಳಬ್ಯಾಡಬೇ ಯವ್ವಾ, ನಗ್ತಾರ ಅಂತ ಬಸ್ಸಿನ್ಯಾಗ ಕೈ ಮುಗದಾನ.”

ಪ್ರವೀಣಕುಮಾರನ ಕಿವಿ ಕೆಂಪಾದವು. ಅಷ್ಟೊತ್ತೂ ಅವನ ಕಡೆ ತಿರುಗದ ಸಹನಾ, ಆಗ ತಲೆಯೆತ್ತಿ ಅವನನ್ನು ಕಣ್ತುಂಬ ನೋಡಿದಳು.